ಮೂಗಣ್ಣನ ಸಾಕ್ಷಿ

ಅವನನ್ನು ಎಲ್ಲರೂ ಮೂಗಣ್ಣ ಅಂತಲೇ ಕರೆಯುತ್ತಿದ್ದರು. ಹೊಸದಾಗಿ ಬಂದ ಗಿರಾಕಿಗಳು, ಪಾಪ ಮಾತು ಬಾರದವನಿರಬೇಕು ಅಂದುಕೊಂಡು ಕೈಸನ್ನೆಯಲ್ಲೇ ಕಾರಿನ ತೊಂದರೆ ಹೇಳಲು ಶುರು ಮಾಡುತ್ತಿದ್ದರು. ಅವನು ಸ್ವಲ್ಪ ಹೊತ್ತು ಆ ನಾಟಕ ನೋಡಿ, "ಬಾಯಿ ಚೆನ್ನಾಗೇ ಇದೆ ಸಾರ್, ಇದು ಮೂಗಿನಿಂದ ಬಂದ ಹೆಸರು" ಅನ್ನುತ್ತಿದ್ದ. ಶೆಡ್ಡಿನಲ್ಲಿದ್ದವರೆಲ್ಲ ನಗುತ್ತಿದ್ದರು.

ಹೆಸರು ಸುಮ್ಮನೆ ಬಂದದ್ದಲ್ಲ. ಓಡುತ್ತಿರುವ ಕಾರಿನ ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಹೊಗೆಯನ್ನು ಮುಖದ ಕಡೆ ಬೀಸಿಕೊಂಡು, ಕಣ್ಣು ಮುಚ್ಚಿ ಒಂದು ಉಸಿರು ಎಳೆದನೆಂದರೆ ಮುಗಿಯಿತು. ಪೆಟ್ರೋಲು ಹೆಚ್ಚೋ, ಗಾಳಿ ಹೆಚ್ಚೋ, ಎಣ್ಣೆ ಸುಡುತ್ತಿದೆಯೋ, ಎಲ್ಲ ಹೇಳಿಬಿಡುತ್ತಿದ್ದ. ಬೇರೆ ಶೆಡ್ಡಿನವರೂ ಬಿಡಿಸಲಾಗದ ಗಂಟನ್ನು ಇವನ ಹತ್ತಿರ ತರುತ್ತಿದ್ದರು. ರೇಸಿಗೆ ಅಂತ ಎಂಜಿನ್ ಬದಲಾಯಿಸಿಕೊಳ್ಳುವ ಹುಡುಗರಂತೂ ಇವನ ಮೂಗಿನ ಮುಂದೆ ಪರೀಕ್ಷೆಗೆ ಕೂತವರ ಹಾಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಆ ಮೂಗು ಸತ್ತು ಎರಡು ಚಳಿಗಾಲ ಕಳೆದಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಇವತ್ತು ಬಂದೀತು, ನಾಳೆ ಬಂದೀತು ಅಂತ ಮೂಗಣ್ಣ ಕಾದ. ಬೆಳಿಗ್ಗೆ ಎದ್ದವನೇ ಬಚ್ಚಲಲ್ಲಿ ಸೋಪನ್ನು ಮೂಗಿಗೆ ಒತ್ತಿ ಹಿಡಿಯುತ್ತಿದ್ದ. ಕಲ್ಲು ಮೂಸಿದ ಹಾಗೆ. ಯಾರಿಗಾದರೂ ಹೇಳಿಬಿಡಬೇಕು ಅಂತ ಮೊದಮೊದಲು ಅನ್ನಿಸುತ್ತಿತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಕಾರು ಬರುತ್ತಿತ್ತು, ಇನ್ನೊಬ್ಬ ಗಿರಾಕಿ "ಮೂಗಣ್ಣ, ಒಂದ್ಸಲ ನೋಡಿ" ಅನ್ನುತ್ತಿದ್ದ, ಇವನು ಕಾಲು ಮಡಿಸಿ ಸೈಲೆನ್ಸರ್ ಹಿಂದೆ ಕೂರುತ್ತಿದ್ದ.

ಅವನನ್ನು ಕಾಪಾಡಿದ್ದು ಭಾವಮೈದುನನ ಮೀಟರು. ಹೆಂಡತಿಯ ತಮ್ಮನೇ ಶೆಡ್ಡಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ. ಯಾವ ವೇಗದಲ್ಲಿ ಎಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕು ಅಂತ ಲೆಕ್ಕ ಕೂರಿಸುವವನು ಅವನು. ಸೈಲೆನ್ಸರ್ ಪೈಪಿನಲ್ಲಿ, ಎಂಜಿನ್ನಿಗೆ ಹತ್ತಿರದಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್ ಇರುತ್ತದೆ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಅನ್ನುತ್ತಾರೆ. ಉರಿದು ಹೊರಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಅಳೆದು ಅದು ಮೀಟರಿಗೆ ಹೇಳುತ್ತದೆ. ಹೆಚ್ಚು ಉಳಿದಿದ್ದರೆ ಪೆಟ್ರೋಲು ಸಾಲದು ಅಂತ ಅರ್ಥ. ಅದಕ್ಕೆ ಲೀನು ಅನ್ನುತ್ತಾರೆ. ಪೆಟ್ರೋಲು ಜಾಸ್ತಿಯಾದರೆ ರಿಚ್ಚು. ಮೂಗಣ್ಣ ಏನು ಮಾಡುತ್ತಿದ್ದ ಅಂದರೆ, ಮೊದಲು ಓರೆಗಣ್ಣಲ್ಲಿ ಮೀಟರು ನೋಡಿಕೊಂಡು, ಆಮೇಲೆ ಹಿಂದೆ ಹೋಗಿ ಮೂಸಿ, ಅದನ್ನೇ ಒಪ್ಪಿಸುತ್ತಿದ್ದ. ಮೀಟರು ನಿಜ ಹೇಳುತ್ತಿದ್ದಷ್ಟು ದಿನ ಈ ಕಳ್ಳಾಟ ನಡೆಯಿತು.

ಹಲ್ಲಿನ ಡಾಕ್ಟರಮ್ಮನ ಕಾರು ಬಂದದ್ದು ಆಗ. ಸಣ್ಣ ಕಾರು. ಅದಕ್ಕೆ ಎಂಜಿನ್ನಿನ ಬಲ ಏರಿಸುವ ಟರ್ಬೊ ಹಾಕಿಸಿ, ರಜಾದಿನ ರೇಸ್ ಟ್ರ್ಯಾಕಿಗೆ ಒಯ್ದು ಓಡಿಸುವುದು ಅವರ ಹುಚ್ಚು. ವಾರವೆಲ್ಲ ಬಾಯಿ ತೆರೆದುಕೊಂಡವರನ್ನು ನೋಡಿ ಸಾಕಾಗಿರುತ್ತದೆ, ಒಂದು ದಿನ ನಾನೇ ಬಾಯಿ ಬಿಟ್ಟು ಕೂಗಬೇಕು ಅನ್ನುತ್ತಿದ್ದರು. ಟರ್ಬೊ ಹಾಕಿದ್ದೂ, ಹೊಸ ಪೈಪು ಕೂರಿಸಿದ್ದೂ ಮೂಗಣ್ಣನ ಶೆಡ್ಡಿನಲ್ಲೇ. ಈಗ ಮೀಟರಿನ ಅಂಕಿ ಹುಚ್ಚಾಪಟ್ಟೆ ಕುಣಿಯುತ್ತಿದೆ ಅಂತ ತಂದಿದ್ದರು.

ಭಾವಮೈದುನ ಸೆನ್ಸರನ್ನು ಬಿಚ್ಚಿ, ವೈರಿನ ಸಮೇತ ಹೊರಗಿನ ಗಾಳಿಯಲ್ಲಿ ತೂಗುಹಾಕಿದ. ಶುದ್ಧ ಗಾಳಿಯಲ್ಲಿ ಅದರ ಅಂಕಿ ಮೇಲಿನ ತುದಿಗೆ ಹೋಗಿ ಅಲ್ಲಾಡದೆ ನಿಲ್ಲಬೇಕು. ಅದು ಏರುತ್ತಿತ್ತು, ಇಳಿಯುತ್ತಿತ್ತು. ಸೆನ್ಸರ್ ಕೆಟ್ಟಿದೆ, ಅನುಮಾನವೇ ಇಲ್ಲ. ಹೊಸದು ತಂದು ಅದನ್ನೂ ಗಾಳಿಯಲ್ಲಿ ಹಿಡಿದ. ಗಟ್ಟಿಯಾಗಿ ನಿಂತಿತು. ಪೈಪಿಗೆ ಕೂರಿಸಿ ಎಂಜಿನ್ ಶುರು ಮಾಡಿದರು. ಅಂಕಿ ಕುಣಿಯುವುದು ನಿಂತಿತು, ಆದರೆ ಲೀನು ಅಂತ ತೋರಿಸಿತು. ಸ್ವಲ್ಪ ಅಲ್ಲ, ಬಹಳ.

"ಇನ್ನೇನು, ಸಿಕ್ತಲ್ಲ. ಪೆಟ್ರೋಲ್ ಏರಿಸು" ಅಂದ ಮೂಗಣ್ಣ. ಒಂದು ದೋಷ ನಿಜವಾಗಿ ಸಿಕ್ಕಿದ್ದರಿಂದ ಅವನಿಗೆ ಧೈರ್ಯ ಬಂದಿತ್ತು.

ಭಾವಮೈದುನ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. "ಸ್ವಲ್ಪ ತಾಳಿ ಭಾವ. ಜೋರಾಗಿ ತುಳಿದ್ರೆ ಸರಿ ತೋರಿಸ್ತಿದೆ. ನಿಂತಲ್ಲೇ ಓಡ್ತಿರುವಾಗ, ನಿಧಾನಕ್ಕೆ ಹೋಗುವಾಗ ಮಾತ್ರ ಲೀನು. ಸೆನ್ಸರಿಗಿಂತ ಮುಂಚೆ ಪೈಪ್ ಎಲ್ಲೋ ಬಿಟ್ಟಿರಬೇಕು. ಹೊರಗಿನ ಗಾಳಿ ಒಳಗೆ ನುಗ್ಗಿದ್ರೆ ಸೆನ್ಸರ್ ತಾನೇ ಏನು ಮಾಡುತ್ತೆ, ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ. ಮತ್ತೆ ನೋಡಿ, ನಂಗೇ ಪೆಟ್ರೋಲ್ ಘಾಟು ಹೊಡೀತಿದೆ. ಲೀನ್ ಇರೋ ಗಾಡಿ ಹೀಗೆ ನಾರುತ್ತಾ? ನೀವೊಂದ್ಸಲ ಮೂಸಿ ಹೇಳಿ."

ಡಾಕ್ಟರಮ್ಮ ಕೈಕಟ್ಟಿಕೊಂಡು ಅಲ್ಲೇ ನಿಂತಿದ್ದರು. "ಹೌದು ಮೂಗಣ್ಣ, ನೀವೇ ಹೇಳಿಬಿಡಿ. ನೀವು ಹೇಳಿದ್ಮೇಲೆ ಮುಗೀತು."

ಮೂಗಣ್ಣ ಹಿಂದೆ ಹೋಗಿ ಕೂತ. ಹೊಗೆ ಬೆಚ್ಚಗೆ ಮುಖಕ್ಕೆ ತಾಗಿತು. ಅಷ್ಟೇ. ಕಣ್ಣು ಮುಚ್ಚಿದ, ಎದೆ ತುಂಬ ಎಳೆದ, ಅಲ್ಲಿ ಏನೂ ಇರಲಿಲ್ಲ. ಕಣ್ಣು ಮಾತ್ರ ಚುರುಗುಟ್ಟಿತು. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಎದ್ದು, ಪ್ಯಾಂಟಿಗೆ ಕೈ ಒರೆಸಿಕೊಂಡು, "ಲೀನೇ. ಸೆನ್ಸರ್ ಸರಿಯಾಗೇ ಹೇಳ್ತಿದೆ" ಅಂದ.

"ಸೋರಿಕೆ ಒಂದ್ಸಲ ನೋಡಿಬಿಡೋಣ ಭಾವ, ಜಾಸ್ತಿ ಹೊತ್ತು ಬೇಡ."

"ಏನೋ, ನೆಗಡಿಗಿಗಡಿ ಬಂದಿದೆಯಾ ನಿಂಗೆ? ಈ ಶೆಡ್ಡಲ್ಲಿ ಮೂಗು ಯಾರದೋ, ನಿಂದೋ ನಂದೋ?"

ಡಾಕ್ಟರಮ್ಮ ನಕ್ಕರು. ಭಾವಮೈದುನನ ಕಿವಿ ಕೆಂಪಾಯಿತು. ಲ್ಯಾಪ್‌ಟಾಪಿಗೆ ತಿರುಗಿದ. ಮೀಟರಿನ ಅಂಕಿ ಸರಿ ಅನ್ನಿಸುವ ತನಕ ಪೆಟ್ರೋಲು ಏರಿಸುತ್ತ ಹೋದ. ಮೊದಲೇ ಹೊಟ್ಟೆ ತುಂಬಿದ್ದ ಎಂಜಿನ್ನಿಗೆ ಇನ್ನಷ್ಟು ತುರುಕಿದ ಹಾಗಾಯಿತು.

ರಸ್ತೆಯ ಪರೀಕ್ಷೆಗೆ ಡಾಕ್ಟರಮ್ಮ ಸ್ಟಿಯರಿಂಗ್ ಹಿಡಿದರು, ಮೂಗಣ್ಣ ಪಕ್ಕದಲ್ಲಿ ಕೂತ. ಸಿಗ್ನಲ್ಲಿನಲ್ಲಿ ನಿಂತಾಗ ಅವರು ಮೂಗು ಹಿಡಿದುಕೊಂಡರು. "ಒಳಗೇ ಏನೋ ವಾಸನೆ ಬರ್ತಿದೆ. ಕಣ್ಣು ಉರೀತಿದೆ ನಂಗೆ."

"ಮುಂದೆ ಲಾರಿ ಇದೆಯಲ್ಲ ಡಾಕ್ಟ್ರೇ, ಅದರ ಹೊಗೆ. ಕಿಟಕಿ ಮುಚ್ಚಿ."

"ಗಾಡಿಯದಲ್ಲ ತಾನೇ?"

"ಗಾಡಿಯದಾಗಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ?"

ಅವರು ಕಿಟಕಿ ಏರಿಸಿದರು. ಮನೆಗೆ ಹೋದ ಮೇಲೆ ಮೂಗಣ್ಣನ ತಲೆ ಸಿಡಿಯುತ್ತಿತ್ತು. ವಯಸ್ಸಾಯಿತು, ಬಿಸಿಲಲ್ಲಿ ತಿರುಗಬಾರದು ಅಂದುಕೊಂಡು ಬೇಗ ಮಲಗಿದ.

ಮಾರನೆಯ ದಿನ ಡಾಕ್ಟರಮ್ಮನ ಫೋನು ಬಂತು. ದನಿ ಗುರುತೇ ಸಿಗಲಿಲ್ಲ. ಅಪ್ಪನನ್ನು ಕೂರಿಸಿಕೊಂಡು ಹೊರಟಿದ್ದರಂತೆ. ಅಪ್ಪ ಅಂದರೆ ಕೆಲಸ ಬಿಟ್ಟು ಮನೆಯಲ್ಲಿರುವ ಹಳೆಯ ಟೈಲರ್. ಮಗಳ ಕಾರಿನ ಸದ್ದು ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಆಸಾಮಿ. ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತುಬಿಟ್ಟಿದ್ದವು. ಅಪ್ಪ ವಾಸನೆ ಅಂದರು, ತಲೆ ಸುತ್ತು ಅಂದರು. ಆಮೇಲೆ ಮಾತಾಡಲಿಲ್ಲ. ನಿದ್ದೆ ಬಂದಿರಬೇಕು ಅಂದುಕೊಂಡು ಅವರು ತಿರುಗಿ ನೋಡಿದರೆ ಅಪ್ಪನ ಕುತ್ತಿಗೆ ವಾಲಿತ್ತು. ಬಾಗಿಲು ತೆರೆಯೋಣ ಅಂದರೆ ಅವರದೇ ಕೈ ಹೇಳಿದ ಮಾತು ಕೇಳಲಿಲ್ಲ. ಹಿಂದಿನ ಬಸ್ಸಿನ ಡ್ರೈವರ್ ಇಳಿದು ಬಂದು ಇಬ್ಬರನ್ನೂ ಎಳೆದು ಹೊರಗೆ ಹಾಕಿದನಂತೆ.

"ಆಸ್ಪತ್ರೆಯಲ್ಲಿದ್ದೀವಿ. ಅಪ್ಪನಿಗೆ ಆಕ್ಸಿಜನ್ ಹಾಕಿದ್ದಾರೆ. ಕಾರಿನ ಹೊಗೆ ಒಳಗೆ ಬಂದಿದೆ ಅಂತಿದ್ದಾರೆ ಇಲ್ಲಿನ ಡಾಕ್ಟರು. ಅಪ್ಪ ವಾಸನೆ ಅಂದಾಗ ನಾನೇ ಬೈದೆ, ಮೂಗಣ್ಣನೇ ನೋಡಿದ್ದಾರೆ ಏನಿಲ್ಲ, ಕಿಟಕಿ ಮುಚ್ಚು ಅಂದೆ. ಏನಾಗಿದೆ ಅಂತ ಗಾಡಿ ನೋಡಿ ಹೇಳಿ."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ತಂದರು. ಭಾವಮೈದುನ ಧೂಳು ಹೊಡೆಯುವ ಬ್ಲೋವರನ್ನು ಸೈಲೆನ್ಸರಿನ ಬಾಯಿಗೆ ಬಟ್ಟೆ ಸುತ್ತಿ ಕಟ್ಟಿ ಗಾಳಿ ಊದಿಸಿದ. ಮೂಗಣ್ಣ ಸ್ಪಂಜಿನಲ್ಲಿ ಸೋಪಿನ ನೀರು ಅದ್ದಿ ಪೈಪಿನ ಉದ್ದಕ್ಕೂ ಹಚ್ಚುತ್ತ ಹೋದ. ಟರ್ಬೊದಿಂದ ಪೈಪು ಹೊರಡುವ ಕಡೆ, ಬೆಸುಗೆಯ ಅಂಚಿನಲ್ಲಿ, ಸೆನ್ಸರಿಗಿಂತ ಒಂದು ಗೇಣು ಮುಂಚೆ, ನೊರೆ ಎದ್ದಿತು. ಕೂದಲೆಳೆಯಂಥ ಬಿರುಕು. ಎಂಜಿನ್ ನಿಧಾನಕ್ಕೆ ಓಡುವಾಗ ಆ ಬಿರುಕು ಒಮ್ಮೆ ಹೊರಗಿನ ಗಾಳಿ ಎಳೆದುಕೊಂಡು ಸೆನ್ಸರಿಗೆ ಸುಳ್ಳು ಉಣಿಸುತ್ತಿತ್ತು; ಮರುಗಳಿಗೆ ಹೊಗೆಯನ್ನು ಬಾನೆಟ್ಟಿನ ಕೆಳಗೆ ಉಗುಳುತ್ತಿತ್ತು. ಅಲ್ಲಿಂದ ಕಾರಿನೊಳಗೆ ಗಾಳಿ ಹೋಗುವ ಕಿಂಡಿ ಮೊಳ ದೂರವೂ ಇಲ್ಲ. ಹೊಗೆಯಲ್ಲಿ ಜೀವ ತೆಗೆಯುವ ಅನಿಲ, ಆ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿಜ. ಆದರೆ ಪೆಟ್ರೋಲು ಉಕ್ಕಿ ಹರಿಯುವ ಎಂಜಿನ್ನಿನ ಹೊಗೆಯಲ್ಲಿ ಅದು ಒಂಟಿಯಾಗಿ ಬರುವುದಿಲ್ಲ, ಘಾಟನ್ನು ಜೊತೆಯಲ್ಲೇ ಕರೆತರುತ್ತದೆ. ಪೆಟ್ರೋಲು ಏರಿಸಿದ್ದರಿಂದ ಎರಡೂ ಹೆಚ್ಚಾಗಿದ್ದವು. ಏರಿಸು ಅಂದವನು ಮೂಗಣ್ಣ.

ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ, ಪೆಟ್ರೋಲು ಹೆಚ್ಚಾಗಿ, ಒಲೆಯಲ್ಲಿ ಬಿದ್ದೆದ್ದ ಹಾಗೆ ಕಪ್ಪಗಿದ್ದವು.

"ಬಿಸಿಯಾದಾಗಲೇ ಪೂರ್ತಿ ಬಾಯಿ ಬಿಡೋ ಬಿರುಕು ಭಾವ ಇದು. ಯಾರಿಗಾದ್ರೂ ತಪ್ಪಿ ಹೋಗೋದೇ" ಅಂದ ಭಾವಮೈದುನ. ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಮೂಗಣ್ಣ ನೊರೆಯನ್ನೇ ನೋಡುತ್ತ ಕೂತಿದ್ದ.

ಅಷ್ಟರಲ್ಲಿ ಡಾಕ್ಟರಮ್ಮನ ಫೋನು ಮತ್ತೆ ಬಂತು. ಮೂಗಣ್ಣನ ಕೈಯಲ್ಲಿ ಸೋಪಿನ ನೀರು. ಫೋನು ತೆಗೆದುಕೊಂಡವನು ಭಾವಮೈದುನ. ಬಿರುಕಿನ ವಿಷಯ ಹೇಳಿದ. ಆ ಕಡೆಯಿಂದ ಅವರು ಏನೋ ಕೇಳಿದರು. ಅವನು ಒಂದು ಸಲ ಮೂಗಣ್ಣನ ಕಡೆ ನೋಡಿ, ಬೆನ್ನು ತಿರುಗಿಸಿ, "ನನ್ನದೇ ತಪ್ಪು ಮೇಡಂ. ಲೆಕ್ಕ ಕೂರಿಸೋನು ನಾನು. ಸೋರಿಕೆ ನೋಡದೆ ಮುಂದೆ ಹೋಗಬಾರದಾಗಿತ್ತು" ಅಂದ.

ಆಗ ಬೈಗುಳ ಶುರುವಾಯಿತು. ಮಾತು ಕೇಳಿಸದಿದ್ದರೂ ದನಿ ಶೆಡ್ಡಿನ ತಗಡಿಗೆಲ್ಲ ಬಡಿಯುವಷ್ಟಿತ್ತು. ಭಾವಮೈದುನ ತಲೆ ತಗ್ಗಿಸಿ ಹೂಂ ಅನ್ನುತ್ತ, ಹೂಂ ಅನ್ನುತ್ತ ನಿಂತಿದ್ದ. ಮೂಗಣ್ಣನಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದ್ದು ಫೋನು ಕಸಿದುಕೊಂಡರೆ ಆಗಿತ್ತು. ಎರಡೇ ಹೆಜ್ಜೆ. ಅವನು ಸ್ಪಂಜನ್ನು ಬಕೆಟ್ಟಿನಲ್ಲಿ ಹಿಂಡಿದ, ಮತ್ತೆ ಅದ್ದಿದ, ಮತ್ತೆ ಹಿಂಡಿದ. ಫೋನು ಮುಗಿಯಿತು. "ಹೋಗ್ಲಿ ಬಿಡಿ ಭಾವ, ಶೆಡ್ಡು ನಡೆಯೋದು ನಿಮ್ಮ ಹೆಸರಲ್ಲಿ" ಅಂದ ಹುಡುಗ, ಬೆಸುಗೆಯ ಕನ್ನಡಕ ಹುಡುಕಲು ಒಳಗೆ ಹೋದ.

ಹುಡುಗ ಅಂದರೂ ಅವನಿಗೂ ಇಬ್ಬರು ಮಕ್ಕಳು. ತನಗಿಂತ ಕಿರಿಯವನ ಬೆನ್ನ ಹಿಂದೆ ಅಡಗಿ ಕೂತೆನಲ್ಲ ಅಂತ ಮೂಗಣ್ಣನಿಗೆ ಮೈಯೆಲ್ಲ ಮುದುಡಿ ಬಂತು. ಆದರೂ ಶೆಡ್ಡು ಮುಚ್ಚುವ ತನಕ ಬಾಯಿ ಬಿಡಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟು ಎದುರಿಗೆ ಕೂತಳು. "ನನ್ನ ತಮ್ಮ ಏನೋ ತಪ್ಪು ಮಾಡಿದ್ನಂತೆ. ಫೋನ್ ಮಾಡಿದ್ದ, ದನಿ ಬಿದ್ದುಹೋಗಿತ್ತು."

"ಹೂಂ."

"ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡೋ ಜಾತಿ ಅವನು. ಅವನು ನೋಡದೆ ಬಿಟ್ನಾ?"

ಮೂಗಣ್ಣ ಅನ್ನ ಕಲಸುತ್ತಲೇ ಇದ್ದ.

"ರೀ," ಅಂದಳು ಅವಳು, ದನಿ ತಗ್ಗಿಸಿ. "ಹೋದ ವರ್ಷ ಒಲೆ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ. ಹಾಲು ಉಕ್ಕಿ, ಸೀದು, ಪಾತ್ರೆ ಕರಿಯಾಗಿ, ಮೇಲಿನ ಮನೆಯವರು ಇಳಿದು ಬಂದು ಬಾಗಿಲು ಬಡಿದ್ರು. ನೀವು ಪುಟ ತಿರುಗಿಸ್ತಿದ್ರಿ. ನಂಗೆ ಅವತ್ತೇ ಗೊತ್ತಾಯ್ತು. ನೀವಾಗೇ ಹೇಳ್ತೀರಿ ಅಂತ ಕಾದೆ."

ಅವನ ಕೈ ತಟ್ಟೆಯಲ್ಲೇ ನಿಂತಿತು. ಇಷ್ಟು ದಿನ ಅವಳ ಮುಂದೆ ಸಾರಿನ ಬಟ್ಟಲು ಮೂಸಿ "ಘಮಘಮ ಅಂತಿದೆ" ಅಂದದ್ದೆಲ್ಲ ನೆನಪಾಯಿತು. ಪ್ರತಿ ಸಲವೂ ಅವಳು ಸುಮ್ಮನೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಡಿಸುತ್ತಿದ್ದಳು. ಈ ಒಂದು ಸಂಗತಿ ಅವನಿಗೆ ಬೇರೆಲ್ಲದಕ್ಕಿಂತ ಹೆಚ್ಚು ನಾಚಿಕೆ ತಂದಿತು. ಯಾಕೆ ಅಂತ ಹೇಳಲು ಬರುತ್ತಿರಲಿಲ್ಲ. ಎಂಜಲು ಕೈಯಲ್ಲೇ ಕೂತು ಎಲ್ಲ ಹೇಳಿದ. ಸೈಲೆನ್ಸರ್ ಹಿಂದೆ ಕೂತದ್ದು, ತಮ್ಮನನ್ನು ಹಂಗಿಸಿದ್ದು, ಕಿಟಕಿ ಮುಚ್ಚಿ ಅಂದದ್ದು, ಸ್ಪಂಜು ಹಿಂಡುತ್ತ ಕೂತದ್ದು.

ಅವಳು ಸಮಾಧಾನ ಹೇಳಲಿಲ್ಲ. "ನಾಳೆ ಬೆಳಿಗ್ಗೆ ಹೋಗಿ ಹೇಳಿ" ಅಂದಳು. "ನನ್ನ ತಮ್ಮನ್ನೂ ಕರ್ಕೊಂಡು ಹೋಗಿ. ಅವನ ಮುಂದೆಯೇ ಹೇಳಿ."

ಆಸ್ಪತ್ರೆಯಲ್ಲಿ ಟೈಲರ್ ಹಾಸಿಗೆಯಲ್ಲಿ ಒರಗಿ ಕೂತಿದ್ದರು. ಮುಖಕ್ಕೆ ಹಾಕಿದ್ದ ಮಾಸ್ಕು ಈಗ ಕುತ್ತಿಗೆಗೆ ಇಳಿದಿತ್ತು. ಅಪಾಯ ಕಳೆದಿತ್ತು. ಬಲಗೈ ಮಾತ್ರ ಸ್ವಲ್ಪ ನಡುಗುತ್ತಿತ್ತು. ಅದು ಸರಿಹೋಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಅಂದಿದ್ದರು. ಡಾಕ್ಟರಮ್ಮ ಕಿಟಕಿಯ ಹತ್ತಿರ ನಿಂತಿದ್ದರು. ಭಾವಮೈದುನನನ್ನು ಕಂಡು ಮುಖ ಗಂಟಿಕ್ಕಿದರು.

"ಇವನನ್ನ ಬೈಬೇಡಿ ಡಾಕ್ಟ್ರೇ," ಅಂದ ಮೂಗಣ್ಣ. ಕೂರಿ ಅಂದರೂ ಕೂರಲಿಲ್ಲ. "ಇವನು ಸೋರಿಕೆ ನೋಡೋಣ ಅಂದ. ನೀವೂ ಅಲ್ಲೇ ಇದ್ರಿ. ಬೇಡ ಅಂದೋನು ನಾನು. ನಂಗೆ ವಾಸನೆ ಬರಲ್ಲ. ಎರಡು ವರ್ಷ ಆಯ್ತು. ಆವತ್ತು ಸೈಲೆನ್ಸರ್ ಹಿಂದೆ ಕೂತು ಮೂಸಿದ್ದು ಬರೀ ನಾಟಕ. ಗಾಡಿ ಒಳಗೆ ವಾಸನೆ ಅಂದ್ರಲ್ಲ ನೀವು, ಆಗಲೂ ನಂಗೇನೂ ಗೊತ್ತಾಗಿರಲಿಲ್ಲ. ಆದ್ರೂ ಇಲ್ಲ ಅಂದೆ."

ಭಾವಮೈದುನ ತಿರುಗಿ ಅವನ ಮುಖವನ್ನೇ ನೋಡಿದ. ಅವನಿಗೂ ಇದು ಹೊಸ ಸುದ್ದಿ. ಭಾವನ ಮೂಗು ಒಂದು ಸಲ ತಪ್ಪಿತು ಅಂದುಕೊಂಡು ಬೈಗುಳ ತಿಂದಿದ್ದ. ಮೂಗೇ ಇರಲಿಲ್ಲ ಅಂತ ಗೊತ್ತಿರಲಿಲ್ಲ.

ಡಾಕ್ಟರಮ್ಮ ಕಿಟಕಿ ಬಿಟ್ಟು ಅಪ್ಪನ ಹಾಸಿಗೆಯ ಹತ್ತಿರ ಬಂದರು. ಆಮೇಲೆ, "ನನ್ನ ಕುರ್ಚಿಯಲ್ಲಿ ಕೂತವರು ನೋವಾಗ್ತಿದೆ ಅಂದ್ರೆ ನಾನು ಕೈ ನಿಲ್ಲಿಸ್ತೀನಿ" ಅಂದರು. "ಎಕ್ಸ್‌ರೇಯಲ್ಲಿ ಏನೂ ಕಾಣದೇ ಇದ್ರೂ ನಿಲ್ಲಿಸ್ತೀನಿ. ನೋವು ಅವರದು, ನಿಮಗೆ ನೋವಿಲ್ಲ ಅಂತ ಹೇಳೋಕೆ ನಾನ್ಯಾರು? ನಾನು ನಿಮ್ಮ ಪಕ್ಕದಲ್ಲೇ ಕೂತು ಕಣ್ಣು ಉರೀತಿದೆ ಅಂದೆ. ನೀವು ಇಲ್ಲ ಅಂದ್ರಿ. ನನ್ನ ಕಣ್ಣನ್ನ ನಂಬದೆ ನಿಮ್ಮ ಮೂಗನ್ನ ನಂಬಿದೆ ನಾನು. ಅದಕ್ಕೆ ನಂಗೆ ನನ್ನ ಮೇಲೂ ಸಿಟ್ಟಿದೆ."

ಮೂಗಣ್ಣ ತಲೆ ತಗ್ಗಿಸಿದ.

ಟೈಲರ್ ಕೆಮ್ಮಿದರು. "ನೋಡಪ್ಪಾ," ಅಂದರು. "ನಂಗೂ ಕಣ್ಣು ಮಂಜಾಗಿತ್ತು. ಎಷ್ಟೋ ದಿನ ಸೂಜಿಗೆ ದಾರ ಪೋಣಿಸ್ಕೊಟ್ಟಿದ್ದು ಇವಳಮ್ಮ. ಗಿರಾಕಿಗಳಿಗೆ ಹೇಳಿರಲಿಲ್ಲ. ಟೇಪು ಹಿಡಿದು ಅಂದಾಜಿನ ಮೇಲೆ ಅಳತೆ ಹೇಳ್ತಿದ್ದೆ." ಮೂಗಣ್ಣ ತಲೆ ಎತ್ತಿದ. ಯಾರೋ ಕೈ ಚಾಚಿದ ಹಾಗಾಯಿತು. ಟೈಲರ್ ಮಾತು ಮುಗಿಸಿದರು: "ಆದ್ರೆ ನನ್ನ ಸುಳ್ಳಿಗೆ ಪ್ಯಾಂಟು ಗಿಡ್ಡ ಆಗ್ತಿತ್ತು, ಅಷ್ಟೇ. ಯಾರೂ ಸಾಯ್ತಿರಲಿಲ್ಲ."

ತಮಾಷೆಗೆ ಅಂದರೋ ನಿಜಕ್ಕೇ ಅಂದರೋ ತಿಳಿಯಲಿಲ್ಲ. ನಡುಗುವ ಕೈಯನ್ನು ಹೊದಿಕೆಯ ಒಳಗೆ ಸೇರಿಸಿಕೊಂಡು ಆ ಕಡೆ ಮಗ್ಗುಲಾದರು.

ಮೆಟ್ಟಿಲು ಇಳಿಯುವಾಗ ಭಾವಮೈದುನ, "ನಂಗಾದ್ರೂ ಹೇಳಬಹುದಿತ್ತು ಭಾವ" ಅಂದ. ಅಷ್ಟೇ ಅಂದದ್ದು. ಆಮೇಲೆ ಎಷ್ಟೋ ದಿನ ಕೆಲಸಕ್ಕೆ ಬೇಕಾದಷ್ಟು ಮಾತು ಮಾತ್ರ ಆಡಿದ.

ಕಾರನ್ನು ಅವನೇ ಸರಿಮಾಡಿದ. ಬಿರುಕು ಬಿಟ್ಟ ಪೈಪು ಕಿತ್ತು ಹೊಸದು ಕೂರಿಸಿ, ಪೆಟ್ರೋಲಿನ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿದ. ಅದೇ ಸೆನ್ಸರು, ಈಗ ಸರಿಯಾದ ಅಂಕಿ ತೋರಿಸಿತು. ಡಾಕ್ಟರಮ್ಮ ಬಂದು, ಎಂಜಿನ್ ಓಡಿಸಿಕೊಂಡು ಕಾರಿನೊಳಗೆ ಒಬ್ಬರೇ ಸುಮಾರು ಹೊತ್ತು ಕೂತಿದ್ದು, ಭಾವಮೈದುನನ ಜೊತೆ ಎರಡು ಮಾತಾಡಿ ಹೋದರು. ಮೂಗಣ್ಣ ನಟ್ಟು ಬಿಚ್ಚುವ ಪಾನಾ ಒರೆಸುತ್ತ ಒಳಗೇ ಇದ್ದ. ಅವರು ಕರೆಯಲಿಲ್ಲ, ಇವನು ಹೊರಗೆ ಬರಲಿಲ್ಲ. ಟೈಲರ್ ಅವರ ಕೈನಡುಕ ನಿಧಾನಕ್ಕೆ ಕಡಿಮೆಯಾಯಿತು ಅಂತ ಆಮೇಲೆ ಸುದ್ದಿ ಬಂತು. ಪೂರ್ತಿ ಹೋಯಿತು ಅಂತ ಯಾರೂ ಹೇಳಲಿಲ್ಲ.

ಗಿರಾಕಿಗಳಿಗೆ ಅವನು ಒಬ್ಬೊಬ್ಬರಿಗೇ ಹೇಳಬೇಕಾಯಿತು. ಹಳಬರು ಮೂಗಿನ ಮೇಲೆ ಬೆರಳಿಟ್ಟರು. ಕೆಲವರು ನಗೆಯಾಡಿದರು, ಕೆಲವರು ಈ ಎರಡು ವರ್ಷದಲ್ಲಿ ತಮ್ಮ ಗಾಡಿಗೆ ಏನು ಹೇಳಿದ್ದ ಅಂತ ಮನಸ್ಸಿನಲ್ಲೇ ಎಣಿಸುತ್ತ ಬೇರೆ ಶೆಡ್ಡಿಗೆ ಹೋದರು. ಹೋದವರ ಮೇಲೆ ಅವನಿಗೆ ಬೇಸರ ಬರಲಿಲ್ಲ.

ಹೆಂಡತಿ ಅವನನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಸಣ್ಣ ಸಣ್ಣ ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದರ ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿದು, "ಇದು ಏನು?" ಅಂದರು.

ಮೂಗಣ್ಣ ಕಣ್ಣು ಮುಚ್ಚಿದ. ಎದೆ ತುಂಬ ಎಳೆದ. ಕಣ್ಣು ತೆರೆದಾಗ ಡಾಕ್ಟರ ಕೈಯಲ್ಲಿದ್ದ ಮುಚ್ಚಳ ಹಳದಿಯಾಗಿ ಕಂಡಿತು.

"ನಿಂಬೆಹಣ್ಣು" ಅಂದ.

"ಲವಂಗ" ಅಂದರು ಡಾಕ್ಟರು. "ಮುಚ್ಚಳದ ಬಣ್ಣ ನೋಡಬೇಡಿ. ಗೊತ್ತಾಗದಿದ್ದರೆ ಗೊತ್ತಾಗಲ್ಲ ಅನ್ನಿ, ತಪ್ಪೇನಿಲ್ಲ."

ಪಕ್ಕದಲ್ಲಿದ್ದ ಹೆಂಡತಿ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡತೊಡಗಿದಳು. ಅವನ ಕತ್ತು, ಕೆನ್ನೆ, ಕಿವಿಯ ತುದಿ ಎಲ್ಲ ಬಿಸಿಯಾದವು. ಡಾಕ್ಟರು ಎರಡನೆಯ ಸೀಸೆ ತೆರೆದರು.

"ಗೊತ್ತಾಗಲ್ಲ" ಅಂದ ಮೂಗಣ್ಣ. ಮೂರನೆಯದಕ್ಕೂ ಅದನ್ನೇ ಅಂದ, ಈ ಸಲ ಸ್ವಲ್ಪ ಗಟ್ಟಿಯಾಗಿ. ಉಳಿದವು ಇನ್ನೂ ಬಹಳ ಇದ್ದವು.